ಸಂಜೆಯ ದೀಪ: ಜಗನ್ಮೋಹನ ಅರಮನೆಯ ಒಂದು ಚಿತ್ರ

ಮೈಸೂರು–ನಂಜನಗೂಡು ದಾರಿಯ ಕಡಕೊಳದಂತಹ ಊರುಗಳಿಂದ ದಸರೆಗೆ ಬಂದವರು ಅರಮನೆ, ಚಾಮುಂಡಿಬೆಟ್ಟಗಳೊಡನೆ ನೋಡಿ ಹೋಗುತ್ತಿದ್ದ ಇನ್ನೊಂದು ತಾಣ ಜಗನ್ಮೋಹನ ಅರಮನೆ. 1861ರಲ್ಲಿ ನಿರ್ಮಾಣಗೊಂಡ ಈ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ಅಲ್ಲಿ ಜನ ಹೆಚ್ಚು ಹೊತ್ತು ನಿಂತು ನೋಡಿದ ಚಿತ್ರಗಳಲ್ಲಿ ‘ದೀಪದ ಮಹಿಳೆ’ ಮುಖ್ಯವಾದುದು.

ಇದನ್ನು ರಾಜಾ ರವಿವರ್ಮನ ಕೃತಿಯೆಂದು ಹೇಳುವವರು ಇಂದಿಗೂ ಇದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ; ಈ ಚಿತ್ರದ ಕಾಲ 1945–46. ರಚಿಸಿದವರು ಸಾವಂತವಾಡಿಯಲ್ಲಿ ಜನಿಸಿದ ಎಸ್.ಎಲ್. ಹಲ್ದಂಕರ್ (1882–1968). ಚಿತ್ರಕ್ಕೆ ರೂಪದರ್ಶಿಯಾದವರು ಅವರ ಮಗಳು ಗೀತಾ. 2018ರಲ್ಲಿ ಕೊಲ್ಹಾಪುರದಲ್ಲಿ 102ನೆಯ ವಯಸ್ಸಿನಲ್ಲಿ ನಿಧನರಾದರು. ತಪ್ಪು ಹೆಸರು ಅಂಟಿಕೊಂಡದ್ದಕ್ಕೆ ಕಾರಣವನ್ನು ಊಹಿಸಬಹುದು. ಅಚ್ಚಿನ ಪಟಗಳ ಮೂಲಕ ದೇವತೆಗಳಿಗೆ ಮುಖ ಕೊಟ್ಟವನು ರವಿವರ್ಮ. ಕೈಮುಗಿಯಬೇಕೆನಿಸುವ ಹೆಣ್ಣುಚಿತ್ರವೆಲ್ಲ ಅವನದೇ ಎಂಬ ಭಾವನೆ ಬೇರೂರಿತು. ಆದರೆ ಇಲ್ಲಿ ಕಿರೀಟವಿಲ್ಲ, ಪ್ರಭಾವಳಿಯಿಲ್ಲ. ಸೀರೆಯುಟ್ಟ ಒಬ್ಬ ಹೆಣ್ಣುಮಗಳು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಅಂಗೈಯನ್ನು ಅದಕ್ಕೆ ಮರೆಮಾಡಿದ್ದಾಳೆ, ಅಷ್ಟೆ.

ಚಿತ್ರದ ಜೀವವಿರುವುದು ಆ ಅಂಗೈಯಲ್ಲಿ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋಸಿ ಬರುತ್ತದೆ. ಇದು ಜಲವರ್ಣ, ಕಾಗದದ ಬಿಳುಪನ್ನು ಉಳಿಸಿಕೊಂಡೇ ಬೆಳಕನ್ನು ತರಬೇಕಾದ, ತಪ್ಪಿದರೆ ತಿದ್ದಲು ಕಷ್ಟವಾದ ಮಾಧ್ಯಮ. ಒಳಮನೆಯಿಂದ ತುಳಸಿಕಟ್ಟೆಯವರೆಗೆ ಗಾಳಿಯಲ್ಲಿ ದೀಪ ಒಯ್ದವರಿಗೆಲ್ಲ ಈ ಭಂಗಿ ಪರಿಚಿತ. ಮೈಸೂರು ಸೀಮೆಯ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಕಸ ಗುಡಿಸಬಾರದು. ದೀಪವನ್ನು ‘ಆರಿಸು’ ಎನ್ನಲು ಹಿರಿಯರ ನಾಲಗೆ ಹಿಂಜರಿಯುತ್ತದೆ. ‘ದೊಡ್ಡದು ಮಾಡು’ ಎನ್ನುವುದು ರೂಢಿ. ಆರಿತೆಂಬ ಮಾತನ್ನೇ ಒಲ್ಲದ ಈ ಭಾಷೆಯ ಜನಕ್ಕೆ ಮರೆಮಾಡಿದ ಕೈಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಈ ಚಿತ್ರದ ಪಾವಿತ್ರ್ಯ ಪುರಾಣದಿಂದ ಬಂದುದಲ್ಲ, ನಿತ್ಯದ ಮನೆಗೆಲಸದಿಂದ ಬಂದುದು. ರವಿವರ್ಮನ ಹೆಸರು ಹಚ್ಚಿದಾಗ ಮರೆಯಾಗುವುದು ಹಲ್ದಂಕರ್ ಮಾತ್ರವಲ್ಲ, ಈ ಮನೆಯ ಹೆಣ್ಣೂ ಹೌದು.

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅದು ಹಳ್ಳಿಗಳನ್ನು ತಲುಪಿದ ಮೇಲೂ ಸಂಜೆ ಬಲ್ಬು ಹತ್ತಿದೊಡನೆ ಕೈಮುಗಿಯುವವರು ಉಳಿದಿದ್ದಾರೆ. ಚಿತ್ರಶಾಲೆಯಲ್ಲಿ ಮಾತ್ರ ಕ್ರಮ ತಿರುವುಮುರುವಾಗಿತ್ತು: ಕತ್ತಲೆ ಮಾಡಿ ಈ ಚಿತ್ರವನ್ನು ತೋರಿಸುತ್ತಿದ್ದರು, ನೋಡುಗರು ಚೌಕಟ್ಟಿನ ಹಿಂದೆ ಬಲ್ಬನ್ನು ಹುಡುಕುತ್ತಿದ್ದರು.