ದನಿ ಹೋದ ಮೇಲೂ ಮಾತು

ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲಿಗಾಗಿ ಕಾದು ನಿಂತ ಹಿರಿಯರಿಗೆ ತಂತಿ ಯಂತ್ರದ ಸದ್ದು ಇನ್ನೂ ನೆನಪಿರಬಹುದು. ಒಂದು ಬೆರಳು ಒಂದೇ ಕೀಲಿಯನ್ನು ಒತ್ತುತ್ತಿತ್ತು. ಗಿಡ್ಡ ಸದ್ದು, ಉದ್ದ ಸದ್ದುಗಳು ಕೂಡಿ ಅಕ್ಷರಗಳಾಗಿ, ಹುಟ್ಟು ಸಾವಿನ ಸುದ್ದಿ ಊರಿಂದೂರಿಗೆ ಹೋಗುತ್ತಿತ್ತು. 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಆದರೆ ಬೆರಳೊಂದರಿಂದ ಇಡೀ ಮಾತನ್ನು ಕಳುಹಿಸಬಹುದೆಂಬ ಆ ತತ್ವ ನಿಂತಿಲ್ಲ. ದನಿ ಕಳೆದುಕೊಂಡ ರೋಗಿಗಳ ಬಾಳಿನಲ್ಲಿ ಅದು ಇಂದಿಗೂ ಜೀವಂತವಾಗಿದೆ.

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ರಮೇಣ ನಶಿಸುತ್ತವೆ. ಕೈಕಾಲು ಸೋಲುತ್ತವೆ, ನಾಲಗೆ, ಗಂಟಲು ಸೋಲುತ್ತವೆ. ಆದರೂ ಅನೇಕರಲ್ಲಿ ಬುದ್ಧಿ, ನೆನಪು, ಪ್ರೀತಿ ಹಾಗೆಯೇ ಉಳಿದಿರುತ್ತವೆ. ಒಳಗೆ ಮಾತು ತುಂಬಿದೆ, ಹೊರಗೆ ಬಾಗಿಲಿಲ್ಲ. ಆ ಬಾಗಿಲನ್ನು ತೆರೆಯುವ ಯತ್ನಕ್ಕೆ ಒಂದು ಇತಿಹಾಸವಿದೆ.

1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರೆಜ್ ಮೇಲಿಂಗ್ ಎಂಬವರು, ಕೈಕಾಲು ಆಡದವರು ಉಸಿರನ್ನು ಊದಿ, ಹೀರಿ ಟೈಪ್‌ರೈಟರ್ ನಡೆಸುವ 'ಪಾಸಮ್' ಯಂತ್ರವನ್ನು ರೂಪಿಸಿದರು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಈ ಕಾಯಿಲೆ ಇರುವುದು ತಿಳಿದದ್ದು 1963ರಲ್ಲಿ. 1985ರಲ್ಲಿ ನ್ಯುಮೋನಿಯಾ ಬಂದಾಗ ಜೀವ ಉಳಿಸಲು ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ದನಿ ಶಾಶ್ವತವಾಗಿ ಹೋಯಿತು. ಮೊದಮೊದಲು ಯಾರಾದರೂ ಅಕ್ಷರಗಳ ಹಲಗೆಯನ್ನು ತೋರಿಸಬೇಕಿತ್ತು. ಬೇಕಾದ ಅಕ್ಷರ ಬಂದಾಗ ಅವರು ಹುಬ್ಬು ಏರಿಸುತ್ತಿದ್ದರು. ಆಮೇಲೆ ಅಮೆರಿಕದ ವಾಲ್ಟರ್ ವೋಲ್ಟೋಸ್, ಇದೇ ಕಾಯಿಲೆಯಿದ್ದ ತಮ್ಮ ಅತ್ತೆಗೆಂದು ಬರೆದಿದ್ದ ತಂತ್ರಾಂಶವನ್ನು ಹಾಕಿಂಗ್ ಅವರಿಗೂ ನೀಡಿದರು. ಪರದೆಯ ಮೇಲೆ ಪದಗಳು ಸಾಲಾಗಿ ಸರಿಯುತ್ತಿದ್ದವು. ಬೇಕಾದದ್ದು ಬಂದಾಗ ಗುಂಡಿ ಒತ್ತಿದರೆ ಸಾಕು, ಯಂತ್ರ ಓದಿ ಹೇಳುತ್ತಿತ್ತು. ಕೈಯೂ ಸೋತಾಗ ಕೆನ್ನೆಯ ಸಣ್ಣ ಚಲನೆಯೇ ಗುಂಡಿಯಾಯಿತು. ಇಂಟೆಲ್ ಸಂಸ್ಥೆ ಅವರಿಗಾಗಿ ರೂಪಿಸಿದ ತಂತ್ರಾಂಶ 2015ರಿಂದ ಎಲ್ಲರಿಗೂ ಉಚಿತ.

ಇಷ್ಟು ದೊಡ್ಡ ಯಂತ್ರ ನಮ್ಮ ಊರಿಗೆಲ್ಲಿ ಎನ್ನುತ್ತೀರಾ? ಅದರ ಮೂಲತತ್ವ ನಮ್ಮ ಅಂಗನವಾಡಿಯ ಗೋಡೆಯ ಮೇಲೆಯೇ ಇದೆ. ಕನ್ನಡದ 25 ವರ್ಗೀಯ ವ್ಯಂಜನಗಳು ಐದೈದರ ಐದು ಸಾಲುಗಳಲ್ಲಿ ನಿಂತಿವೆ. ರೋಗಿ ಕೇಳಬೇಕಾದದ್ದು 'ನೀರು' ಎಂದಿಟ್ಟುಕೊಳ್ಳಿ. 'ಕ'ದಿಂದ ಒಂದೊಂದನ್ನೇ ಕೇಳುತ್ತ ಹೋದರೆ 'ನ' ಸಿಗುವುದು 20ನೆಯ ಪ್ರಶ್ನೆಗೆ. ಮೊದಲು ಸಾಲನ್ನು, ಆಮೇಲೆ ಅಕ್ಷರವನ್ನು ಕೇಳಿದರೆ 9ನೆಯ ಪ್ರಶ್ನೆಗೇ ಸಿಗುತ್ತದೆ. ಸ್ವರಗಳಿಗೂ ಉಳಿದ ವ್ಯಂಜನಗಳಿಗೂ ಬೇರೆ ಸಾಲುಗಳನ್ನು ಮಾಡಿಕೊಳ್ಳಬಹುದು. ಒಂದು ರಟ್ಟು, ಒಂದು ಪೆನ್ನು, 'ಹೌದು' ಎನ್ನಲು ಕಣ್ಣಿನ ಒಂದು ಮಿಟುಕು, ಇಷ್ಟು ಸಾಕು. ಮನೆಯ ಮೊಬೈಲು ಕೂಡ ಇಂದು ಬರೆದ ಕನ್ನಡವನ್ನು ಗಟ್ಟಿಯಾಗಿ ಓದಬಲ್ಲದು. ಪರಿಣತರ ಸಲಹೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇವೆ.

ಆದರೆ ತಡ ಮಾಡಬಾರದು. ದನಿ ಸ್ಪಷ್ಟವಾಗಿರುವಾಗಲೇ ಮೊಮ್ಮಕ್ಕಳ ಹೆಸರನ್ನು, ನಿತ್ಯದ ಮಾತುಗಳನ್ನು ಧ್ವನಿಮುದ್ರಿಸಿಡಬೇಕು. ಹಲಗೆಯನ್ನು ಬಳಸುವ ರೂಢಿಯೂ ಆಗಲೇ ಆಗಬೇಕು.

ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದ್ದ ಎರಡನೇ ಜಾನ್ ಪೌಲ್ ಜಗದ್ಗುರುಗಳು 2005ರ ಮಾರ್ಚ್ 27ರ ಪಾಸ್ಖ ಹಬ್ಬದಂದು ಕಿಟಕಿಯ ಬಳಿ ಬಂದರು. ಮಾತನಾಡಲು ಯತ್ನಿಸಿದರು, ಆಗಲಿಲ್ಲ. ಮೌನವಾಗಿ ಕೈಯೆತ್ತಿ ಆಶೀರ್ವದಿಸಿದರು. ಚೌಕದಲ್ಲಿ ನೆರೆದ ಜನ ಆ ಮೌನವನ್ನು ಕೇಳಿಸಿಕೊಂಡರು.

ಯಾವ ಯಂತ್ರವೂ ಕೇಳುವವರನ್ನು ತಯಾರಿಸಲಾರದು. ರೋಗಿ ಒಂದೊಂದೇ ಅಕ್ಷರ ಆರಿಸುವಾಗ ಅವರ ವಾಕ್ಯವನ್ನು ನಾವೇ ಮುಗಿಸಿಬಿಡುತ್ತೇವೆ. ಇಲ್ಲವೇ ಅವರೆದುರಿಗೇ ಅವರ ಬಗ್ಗೆ ಬೇರೆಯವರನ್ನು ಕೇಳುತ್ತೇವೆ. ಬೀರೂರಿನ ಪ್ಲಾಟ್‌ಫಾರಂನಲ್ಲಿ ತಡವಾದ ರೈಲಿಗೆ ಗಂಟೆಗಟ್ಟಲೆ ಕಾಯುವ ನಾವು, ಹಾಸಿಗೆ ಹಿಡಿದವರ ಒಂದು ವಾಕ್ಯಕ್ಕಾಗಿ ಐದು ನಿಮಿಷ ಕಾಯಲಾರೆವೇ?