ಕೆರೆ ದಂಡೆಯ ಬಿಡಾರ: ಯಾರಿಗೆ, ಎಷ್ಟು ರಾತ್ರಿ?

ಕಳೆದ ಫೆಬ್ರವರಿಯಲ್ಲಿ ಆಫೀಸಿನ ನಾವು ನಾಲ್ಕು ಜನ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಝಡ್ ಪಾಯಿಂಟ್ ಹತ್ತಿ ಇಳಿದು, ಕಲ್ಲತ್ತಿಗಿರಿ ನೋಡಿಕೊಂಡು, ಸಂಜೆಗೆ ಕಡೂರಿನ ಬಯಲು ಸೀಮೆಯ ಕಡೆ ಇಳಿದಾಗ ಒಂದು ಕೆರೆ ಕಂಡಿತು. ನೀರು ಹಿಂದೆ ಸರಿದು ಅಂಗಳದಲ್ಲಿ ಹಸಿರು ಹುಲ್ಲು ಬಂದಿತ್ತು. ಗಾಡಿಯ ಡಿಕ್ಕಿಯಲ್ಲಿ ಎರಡು ಹೊಸ ಟೆಂಟು ಇದ್ದವು. ಸರ್ಕಾರಿ ಜಾಗ, ಯಾರಪ್ಪನ ಸ್ವತ್ತೂ ಅಲ್ಲ, ಇನ್ನೇನು ಬೇಕು?

ಮೊದಲ ಟೆಂಟಿನ ಗೂಟ ಹೊಡೆಯುವಷ್ಟರಲ್ಲಿ ಖಾಕಿ ಅಂಗಿಯವರೊಬ್ಬರು ಬೈಕಿನಲ್ಲಿ ಬಂದರು. ಬೈಯಲಿಲ್ಲ, ಗದರಲಿಲ್ಲ. "ಇಲ್ಲಿ ಹೂಡಂಗಿಲ್ಲ ಸಾರ್, ಕಡೂರಲ್ಲಿ ಲಾಡ್ಜ್ ಐತೆ" ಅಂದರು ಅಷ್ಟೇ. ಕೆರೆಯ ಆಚೆ ದಡದಲ್ಲಿ ಒಂದು ಒಲೆ ಉರಿಯುತ್ತಿತ್ತು, ಅದರ ಸುತ್ತ ಕಂಬಳಿ ಹೊದ್ದ ಮೂರ್ನಾಲ್ಕು ಜನ, ಹಿಂದೆ ಬಲೆ ಕಟ್ಟಿ ಕೂಡಿದ ಕುರಿಮಂದೆ. "ಮತ್ತೆ ಅವರು?" ಅಂತ ನಾನು ಕೇಳಿದೆ.

"ಅವ್ರು ಕುರಿಯೋರು. ವರ್ಷ ವರ್ಷ ಬತ್ತಾರೆ."

ನಾವು ಟೆಂಟು ಮಡಚಿ ಕಡೂರಿಗೆ ಹೋದೆವು. ಆ ರಾತ್ರಿ ಲಾಡ್ಜಿನ ಸೊಳ್ಳೆಗಳ ಜೊತೆ ಮಲಗಿದ್ದಾಗ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಉತ್ತರವೇ. ಈ ನೀರಿನ ದಂಡೆಗಳಲ್ಲಿ ಪುಕ್ಕಟೆಯಾಗಿ ತಂಗುವ ಹಕ್ಕು ಯಾರಿಗಿತ್ತು, ಯಾಕಿತ್ತು, ಎಲ್ಲಿ ಹೋಯಿತು? ಊರಿಗೆ ಬಂದಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಇದು ಅದರ ವರದಿ.

*

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಕ್ಯಾಂಪಿಂಗ್ ಅಂದರೆ ಪರದೇಶದಿಂದ ಬಂದ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಮಾತುಗಳಿವೆ ನೋಡಿ: ಬಿಡಾರ, ಡೇರೆ, ಹಟ್ಟಿ, ತಾಂಡ, ಮೊಕ್ಕಾಂ, ಠಿಕಾಣಿ. ಒಂದೊಂದರ ಹಿಂದೆಯೂ ಒಂದೊಂದು ಬಗೆಯ ಜನ. ಬಯಲಲ್ಲಿ ಮಲಗುವುದು ಇವರಿಗೆ ರಜೆಯ ಮಜವಾಗಿರಲಿಲ್ಲ, ಹೊಟ್ಟೆಪಾಡಿನ ಕೆಲಸದ ಭಾಗವಾಗಿತ್ತು.

ಕಡೂರು, ತರೀಕೆರೆ, ಅಜ್ಜಂಪುರದ ಮಟ್ಟಿಗೆ ಈ ಕತೆಯ ದೊಡ್ಡ ಅಧ್ಯಾಯ ಅಮೃತಮಹಲ್ ಕಾವಲುಗಳದು. ಈ ಕಡೆಯ ನಕ್ಷೆ ತೆರೆದರೆ 'ಕಾವಲು' ಅಂತ ಕೊನೆಯಾಗುವ ಹೆಸರುಗಳು ಕಾಣುತ್ತವೆ. ಮೈಸೂರಿನ ಅರಸರು ತಮ್ಮ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲುಗಳು ಇವು. ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಹಸುಗಳಿಂದ ಈ ಹಿಂಡು ಶುರುವಾಯಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672-1704) ಇದಕ್ಕೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ಅಮೃತಮಹಲ್ ಅಂತ ಕರೆದವನು ಟಿಪ್ಪು. ಅರಮನೆಗೆ ಹಾಲು ಬೆಣ್ಣೆ, ದಂಡಿಗೆ ಎತ್ತು. ಹೈದರಾಲಿಯ ಸೇನೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳಿಂದಲೇ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ.

ನನಗೆ ಕುತೂಹಲ ಹುಟ್ಟಿಸಿದ್ದು ಯುದ್ಧವಲ್ಲ, ಕಾವಲುಗಳ ವಿಂಗಡಣೆ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ಬಗೆ. ಇವುಗಳಲ್ಲಿ ಬೇಸಿಗೆ ಕಾವಲಿಗೆ ಎಲ್ಲಕ್ಕಿಂತ ಬೆಲೆ. ಯಾಕೆಂದರೆ ಅವು ಬಹುತೇಕ ಕೆರೆಯಂಗಳಗಳು. ನೀರು ಇಳಿದಂತೆ ಹಸಿ ಮಣ್ಣಿನಲ್ಲಿ ಹುಲ್ಲು ಚಿಗುರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮರದ ನೆರಳೂ ಸಿಗುತ್ತದೆ. ದನ ಕಾಯುವವರು ಹಿಂಡಿನ ಜೊತೆ ಋತುವಿಗೊಂದು ಕಾವಲಿಗೆ ನಡೆದು, ಅಲ್ಲೇ ಬಿಡಾರ ಹೂಡಿ, ಮಳೆ ಬಿದ್ದೊಡನೆ ಎದ್ದು ಹೋಗುತ್ತಿದ್ದರು. ಆಮೇಲೆ ಮುಂದಿನ ಬೇಸಿಗೆಯವರೆಗೆ ಆ ಜಾಗ ಖಾಲಿ. ಫಲವತ್ತಾದ ಮಣ್ಣಾದ್ದರಿಂದ ಒತ್ತುವರಿಯ ಕಾಟವೂ ಇಂಥ ಕಡೆಯೇ ಹೆಚ್ಚು.

ಅಂದರೆ ನಾವು ನಾಲ್ವರು ಟೆಂಟಿನ ಗೂಟ ಹೊಡೆಯಲು ಹೊರಟ ಆ ಹಸಿರು ಅಂಗಳವಿದೆಯಲ್ಲ, ಅಂಥ ಜಾಗದ ಬೆಲೆ ಈ ಸೀಮೆಯ ಜನಕ್ಕೆ ಮುನ್ನೂರು ವರ್ಷದಿಂದ ಗೊತ್ತು! ನಮಗೆ ಅದು ಖಾಲಿ ಜಾಗದಂತೆ ಕಂಡಿತ್ತು.

ಹಾಗಂತ ಆ ಕಾಲವನ್ನು ಸ್ವರ್ಗ ಮಾಡಿ ಹೇಳಬೇಕಾಗಿಲ್ಲ. ಕಾವಲು ಎಲ್ಲರದ್ದಾಗಿರಲಿಲ್ಲ. ಹೆಸರೇ ಹೇಳುವಂತೆ ಅಲ್ಲಿ ಕಾವಲಿತ್ತು, ಅರಸರ ದನಕ್ಕೆ ಮೊದಲ ಹಕ್ಕು. 1799ರ ನಂತರ ಹಿಂಡು ಬ್ರಿಟಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡನ್ನೇ ಮಾರಿಬಿಟ್ಟರು. ಕೆಲವೇ ವರ್ಷದಲ್ಲಿ ಸೇನೆಗೆ ಒಳ್ಳೆಯ ಎತ್ತು ಸಿಗದೆ ಕೈಕೈ ಹಿಸುಕಿಕೊಂಡು 1866ರಲ್ಲಿ ಮತ್ತೆ ಶುರು ಮಾಡಿದರು. (ಒಂದು ಟೀಮನ್ನು ಮನೆಗೆ ಕಳಿಸಿ, ಆರು ತಿಂಗಳಿಗೆ ಅದೇ ಕೆಲಸಕ್ಕೆ ಮತ್ತೆ ಜನ ಹುಡುಕುವುದನ್ನು ನೋಡಿದವರಿಗೆ ಇದು ಹೊಸದಲ್ಲ.) 1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ಬಂತು. ಇವತ್ತಿಗೂ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ.

*

ಎರಡನೆಯವರು ಲಂಬಾಣಿಗಳು. ಹೇರೆತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೊತ್ತು ದೇಶ ಸುತ್ತುತ್ತಿದ್ದವರು. 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ಸೇನೆ ಅನ್ನಕ್ಕಾಗಿ ಇವರನ್ನೇ ನೆಚ್ಚಿಕೊಂಡಿತ್ತು. ಸಾವಿರಾರು ಎತ್ತುಗಳ ಸಾಲು ರಾತ್ರಿ ತಂಗಬೇಕಾದರೆ ಬೇಕಾದದ್ದು ಎರಡು, ನೀರು ಮತ್ತು ಹುಲ್ಲು. ಎರಡೂ ಸಿಗುವುದು ಕೆರೆ, ಹೊಳೆಗಳ ಪಕ್ಕದ ಬಯಲಿನಲ್ಲಿ.

ಇವರ ದಾರಿ ಮುಚ್ಚಿದ್ದು ರೈಲು. ಬೆಂಗಳೂರಿನಿಂದ ಬಂದ ಹಳಿ 1889ರ ಹೊತ್ತಿಗೆ ಕಡೂರು, ಬೀರೂರು, ಅಜ್ಜಂಪುರ ದಾಟಿ ಹರಿಹರ ಮುಟ್ಟಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಇನ್ನೊಂದು ಕವಲು. ಎತ್ತಿನ ಬೆನ್ನಿನ ಮೂಟೆ ವ್ಯಾಗನ್ನಿಗೆ ಹೋಯಿತು. ಕೆಲಸ ಹೋದದ್ದು ಒಂದು ಏಟಾದರೆ, ಇನ್ನೊಂದು ಏಟು ಕಾನೂನಿನದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಬ್ರಿಟಿಷ್ ಇಂಡಿಯಾದ ಹಲವು ಪ್ರಾಂತ್ಯಗಳಲ್ಲಿ ಅಲೆಮಾರಿ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಲಾಯಿತು. ಲಂಬಾಣಿಗಳ ಗುಂಪುಗಳೂ ಆ ಪಟ್ಟಿಗಳಲ್ಲಿ ಸೇರಿದವು. ನಿನ್ನೆಯವರೆಗೆ ಕೆರೆ ಪಕ್ಕ ಡೇರೆ ಹೂಡಿದವನು ವ್ಯಾಪಾರಿ, ಇವತ್ತು ಪೊಲೀಸರಿಗೆ ಹಾಜರಿ ಕೊಡಬೇಕಾದ ಶಂಕಿತ. ಆ ಕಾಯಿದೆ ರದ್ದಾದದ್ದು 1952ರಲ್ಲಿ. ತರೀಕೆರೆ, ಕಡೂರು ಕಡೆ ಇವತ್ತು ಕಾಣುವ ತಾಂಡಗಳು ನಿಂತ ಬಿಡಾರಗಳು.

ಮೂರನೆಯವರು ಸಾಹೇಬರು, ಅಮಲ್ದಾರರು. ಊರಿನ ಗುಂಡುತೋಪಿನಲ್ಲಿ ಡೇರೆ ಎದ್ದಿತೆಂದರೆ ಜಮಾಬಂದಿಯ ಮೊಕ್ಕಾಂ ಬಂತು ಅಂತ ಅರ್ಥ. ಸೌದೆ, ಹಾಲು, ಕೋಳಿ, ಹೊರೆ ಹೊರಲು ಆಳು ಎಲ್ಲ ಊರಿನಿಂದಲೇ. ಇದಕ್ಕೆ ಬಿಟ್ಟಿ ಅನ್ನುತ್ತಿದ್ದರು. ನಾವು ಇವತ್ತು 'ಬಿಟ್ಟಿ' ಅನ್ನುವುದು ಪುಕ್ಕಟೆ ಎಂಬ ಅರ್ಥದಲ್ಲಿ. ಮೂಲದಲ್ಲಿ ಅದು ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ. ಒಬ್ಬರಿಗೆ ಪುಕ್ಕಟೆಯಾದದ್ದು ಇನ್ನೊಬ್ಬರ ಬೆವರು ಅಂತ ಆ ಪದವೇ ಹೇಳುತ್ತದೆ.

ಕೆಮ್ಮಣ್ಣುಗುಂಡಿ ಕೂಡ ಒಂದು ಬಿಡಾರವೇ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದಿರುತ್ತಿದ್ದ ಜಾಗ. ಅದಕ್ಕೇ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರು. ಸುಮಾರು 1434 ಮೀಟರ್ ಎತ್ತರ, ಏಪ್ರಿಲ್ಲಿನಲ್ಲೂ ಸಂಜೆ ಸ್ವೆಟರ್ ಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಹೋದದ್ದೂ ಈ ಕೆಂಪು ಮಣ್ಣಿನ ಗುಂಡಿಗಳಿಂದಲೇ. ಈಗ ಗಿರಿಧಾಮ ತೋಟಗಾರಿಕೆ ಇಲಾಖೆಯದು. ಅರಸರ ಬಿಡಾರ ಅತಿಥಿಗೃಹವಾಗಿ ಉಳಿಯಿತು, ದನಗಾಹಿಯ ಬಿಡಾರದ ಗುರುತು ಎಲ್ಲೂ ಇಲ್ಲ.

*

ಬೆಟ್ಟದ ಆಚೆ ಮಗ್ಗುಲಿನ ಕಾಡಿನಲ್ಲಿ ಬೇರೆ ಕತೆ. 1951ರಲ್ಲಿ ಜಾಗರ ಕಣಿವೆ ವನ್ಯಧಾಮವಾಯಿತು, 1974ರಲ್ಲಿ ಅದು ಬೆಳೆದು ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಇನ್ನು ಟೆಂಟು, ಕ್ಯಾಂಪ್‌ಫೈರು ದೂರದ ಮಾತು. ನಮ್ಮ ಟ್ರೆಕ್ಕಿಂಗ್ ಗೆಳೆಯರು ಇದಕ್ಕೆ ಗೊಣಗುವುದು ನನಗೆ ಗೊತ್ತು, ನಾನೂ ಗೊಣಗಿದ್ದೇನೆ. ಆದರೆ ಎರಡು ಸಂಗತಿ ಗೊತ್ತಾದ ಮೇಲೆ ಸುಮ್ಮನಾದೆ.

ಒಂದು, ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳು. ಬೇಸಿಗೆಯಲ್ಲಿ ನೀರು ಇಳಿದಾಗ ನೋಡಿದರೆ ಬೋಳು ನೆಲ, ಟೆಂಟಿಗೆ ಹೇಳಿ ಮಾಡಿಸಿದ ಜಾಗ. ಅದೇ ಹೊತ್ತಿಗೆ ರಿವರ್ ಟರ್ನ್ ಹಕ್ಕಿಗಳು ಆ ಬೋಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಗೂಡಿಲ್ಲ, ಬೇಲಿಯಿಲ್ಲ. ಕಾಲಡಿಗೆ ಸಿಕ್ಕರೂ ನಮಗೆ ಗೊತ್ತಾಗುವುದಿಲ್ಲ.

ಎರಡು, 2001-02ರಲ್ಲಿ ಈ ಕಾಡಿನೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ಎಂ.ಸಿ. ಹಳ್ಳಿ ಮತ್ತು ಕೆಳಗೂರಿನಲ್ಲಿ ನೆಲೆಸಿದವು. ದೇಶದಲ್ಲಿ ಚೆನ್ನಾಗಿ ನಡೆದ ಪುನರ್ವಸತಿ ಅಂತ ಇದಕ್ಕೆ ಹೆಸರಿದೆ. ಆದರೂ ಹುಲಿಗಾಗಿ ಮನೆ ಬಿಟ್ಟು ಬಂದವರ ಕಾಡಿನಲ್ಲಿ "ವೀಕೆಂಡಿಗೆ ಒಂದು ರಾತ್ರಿ ಮಲಗಲು ಬಿಡಿ" ಅಂತ ಯಾವ ಬಾಯಲ್ಲಿ ಕೇಳುವುದು?

ಹಾಗಾದರೆ ಕಾಡಿನ ಹೊರಗೆ? ಸ್ವೀಡನ್ನಿನಲ್ಲಿ ಬೇರೆಯವರ ನೆಲದಲ್ಲೂ ಒಂದೆರಡು ರಾತ್ರಿ ಡೇರೆ ಹಾಕುವ 'ಎಲ್ಲರ ಹಕ್ಕು' ಇದೆ, 1994ರಲ್ಲಿ ಅದನ್ನು ಸಂವಿಧಾನಕ್ಕೇ ಸೇರಿಸಿದರು. ನಾರ್ವೆಯ 1957ರ ಕಾನೂನು ಮನೆಯಿಂದ 150 ಮೀಟರ್ ದೂರದಲ್ಲಿ ಎರಡು ದಿನದವರೆಗೆ ಕೇಳದೆ ಟೆಂಟು ಹಾಕಲು ಬಿಡುತ್ತದೆ. ಅಲ್ಲೂ ಹಕ್ಕಿನ ಜೊತೆ ಲೆಕ್ಕ ಇದೆ. ಎಷ್ಟು ರಾತ್ರಿ, ಎಷ್ಟು ದೂರ ಅಂತ.

ಅದೇ ಲೆಕ್ಕ ನಮ್ಮ ಕೆರೆ ದಂಡೆಯಲ್ಲೂ ಇತ್ತು, ಬರೆದಿಟ್ಟಿರಲಿಲ್ಲ ಅಷ್ಟೇ. ಮರುದಿನ ಬೆಳಿಗ್ಗೆ ನಾನೊಬ್ಬನೇ ಆ ಕೆರೆಗೆ ವಾಪಸು ಹೋಗಿದ್ದೆ. ಕುರಿಯವರಲ್ಲಿ ಹಿರಿಯರೊಬ್ಬರು ಚಾ ಕೊಟ್ಟು ಕೂರಿಸಿದರು. ರೈತರು ಕರೆದರೆ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ ಪ್ರತಿಯಾಗಿ ರಾತ್ರಿಗೆ ಇಷ್ಟು ಅಂತ ದುಡ್ಡೋ ಕಾಳೋ. ಕರೆಯದ ದಿನ ಕೆರೆಯಂಗಳ. ಎಷ್ಟು ದಿನ ಇರ್ತೀರಿ ಅಜ್ಜ ಅಂದೆ. "ಮೂರು ರಾತ್ರಿಗಿಂತ ಜಾಸ್ತಿ ಒಂದೇ ಕಡೆ ನಿಂತ್ರೆ ಕುರಿಗೂ ರೋಗ, ಊರೋರಿಗೂ ಬ್ಯಾಸರ" ಅಂದರು. ಆಮೇಲೆ ತಾವಾಗಿಯೇ ಹೇಳಿದರು: "ನಮ್ಮಪ್ಪನ ಕಾಲ್ದಾಗೆ ನಿಲ್ಲೋ ಜಾಗ ಹುಡುಕ್ತಿರಲಿಲ್ಲ. ಈಗ ಅದೇ ದೊಡ್ಡ ಕೆಲ್ಸ."

*

ನನ್ನ ನಿದ್ದೆ ಕೆಡಿಸಿದ ವಿಷಯ ಇದು. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅಲೆಮಾರಿಗಳ, ಪಶುಪಾಲಕರ ಋತುಮಾನದ ಬಳಕೆಯ ಹಕ್ಕು ಎಂಬ ಮಾತು ಸ್ಪಷ್ಟವಾಗಿ ಇದೆ. ಓದಿ ಖುಷಿಯಾಯಿತು. ಆದರೆ ಅದು ಅರಣ್ಯ ಭೂಮಿಗೆ ಮಾತ್ರ, ಕಂದಾಯದ ಕೆರೆಗೆ ಬರುವುದಿಲ್ಲ. ಅರಣ್ಯದಲ್ಲೂ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ನೆಲೆಯನ್ನು ತೋರಿಸಬೇಕು.

ನಮಗೆ ಟ್ರೆಕ್ಕಿಂಗಿನಲ್ಲಿ ಕಲಿಸುವ ಮೊದಲ ಪಾಠ, ಹೋದ ಜಾಗದಲ್ಲಿ ಗುರುತು ಉಳಿಸಬೇಡ. ಈ ಪಾಠವನ್ನು ಯಾರೂ ಹೇಳಿಕೊಡದೆ ತಲೆಮಾರುಗಟ್ಟಲೆ ಪಾಲಿಸಿದವರು ಕುರಿಯವರು. ಮೂರು ಕಲ್ಲಿನ ಒಲೆ, ಒಂದಿಷ್ಟು ಬೂದಿ, ಹಿಕ್ಕೆ. ಮೊದಲ ಮಳೆಗೆ ಎಲ್ಲ ಹೋಯಿತು. ಗುರುತೇ ಉಳಿಸದವರು 75 ವರ್ಷದ ಗುರುತು ಎಲ್ಲಿಂದ ತರಬೇಕು?

ಗುರುತಿಲ್ಲದ ಜಾಗ ಕಾಗದದಲ್ಲಿ 'ಖಾಲಿ' ಅಂತ ಕಾಣುತ್ತದೆ. 2010ರ ಆಸುಪಾಸಿನಲ್ಲಿ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಮತ್ತಿತರರಿಗೆ ಹಂಚಿಕೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೇ 1500 ಎಕರೆ. ಅಲ್ಲಿ ಕುರಿ ಕಾಯುವವರು, ಕಂಬಳಿ ನೇಯುವವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ಎಂಜಿನಿಯರ್ ಆಗಿ ನನಗೆ ಆ ಸಂಸ್ಥೆಗಳ ಮೇಲೆ ಗೌರವವಿದೆ. ಅಲ್ಲೊಂದು ಕೆಲಸ ಸಿಕ್ಕಿದ್ದರೆ ಓಡಿಹೋಗುತ್ತಿದ್ದೆ ಕೂಡ. ಆದರೆ ಆ ನೆಲ ಖಾಲಿಯಾಗಿರಲಿಲ್ಲ ಅನ್ನುವುದು ಈಗ ನನಗೆ ಗೊತ್ತು.

ಈಗ ಯಾರಾದರೂ ಕೆರೆ ದಂಡೆಯಲ್ಲಿ ಪುಕ್ಕಟೆ ಟೆಂಟು ಹಾಕುವ ಹಕ್ಕು ಬೇಕೇ ಅಂತ ಕೇಳಿದರೆ, ಬೇಕು ಅನ್ನುತ್ತೇನೆ. ಆದರೆ ಸಾಲಿನಲ್ಲಿ ಕುರಿಯವರ ಹಿಂದೆ ನಿಂತು ಕೇಳುತ್ತೇನೆ. ಅವರಿಗೆ ಮೂರು ರಾತ್ರಿಯ ಜಾಗ ಉಳಿದರೆ ನಮಗೂ ಒಂದು ರಾತ್ರಿಯದು ಉಳಿದೀತು. ಅವರದ್ದು ಹೋದರೆ ಅಲ್ಲಿ ಬೇಲಿಯೋ ರೆಸಾರ್ಟೋ ಬಂದಿರುತ್ತದೆ. ಆಗ ನಮಗೂ ಅವರಿಗೂ ಲಾಡ್ಜೇ ಗತಿ.

ಒಂದು ಕೋರಿಕೆ. ನಿಮ್ಮ ಊರಿನ ಕೆರೆಯಂಗಳ, ಗುಂಡುತೋಪು, ಗೋಮಾಳದಲ್ಲಿ ಯಾರು ಬಂದು ತಂಗುತ್ತಿದ್ದರು, ಯಾವ ತಿಂಗಳು, ಎಷ್ಟು ದಿನ, ಕೊನೆಯ ಬಾರಿ ಬಂದದ್ದು ಯಾವ ವರ್ಷ? ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ನಿಮ್ಮ ನಿಮ್ಮ ಬ್ಲಾಗಿನಲ್ಲಿ ವರ್ಷ ಹಾಕಿ ಬರೆಯಿರಿ. ಗುರುತು ಉಳಿಸದೆ ಹೋದವರ ಪರವಾಗಿ ಅಷ್ಟು ಗುರುತಾದರೂ ಉಳಿಯಲಿ.

ಟೆಂಟುಗಳು ಮಂಚದ ಕೆಳಗಿವೆ. ಮುಂದಿನ ಫೆಬ್ರವರಿಗೆ ಅಜ್ಜ ಚಾಗೆ ಕರೆದಿದ್ದಾರೆ. ಅವರು ಎಲ್ಲಿ ಸಿಗುತ್ತಾರೆ ಅಂತ ಮಾತ್ರ ಕೇಳಿಕೊಳ್ಳಲಿಲ್ಲ.