ಮಾನ್ಯಖೇಟದ ಒಂದು ದೊಡ್ಡ ಸಂಖ್ಯೆ

ನಮ್ಮ ದಾವಣಗೆರೆ, ಹರಿಹರದ ಉರ್ದು ಶಾಲೆಗಳ ಮಕ್ಕಳು ಲಾಖ್, ಕರೋಡ್ ಆದ ಮೇಲೆ ಅರಬ್, ಖರಬ್, ನೀಲ್, ಪದಮ್, ಸಂಖ್ ಎಂದು ಎಣಿಸುತ್ತಾರೆ. 'ಅರಬ್' ಎಂದೊಡನೆ ಇದು ಅರಬ್ಬರ ದೇಶದ ಲೆಕ್ಕವೆಂದು ಹಲವರು ಭಾವಿಸುವುದುಂಟು. ಆದರೆ ದೇಶದ ಹೆಸರನ್ನು 'ಐನ್' ಅಕ್ಷರದಿಂದಲೂ ಸಂಖ್ಯೆಯ ಹೆಸರನ್ನು 'ಅಲಿಫ್'ನಿಂದಲೂ ಬರೆಯುತ್ತೇವೆ. ಸಂಖ್ಯೆಯ ಅರಬ್ ಬಂದದ್ದು ಸಂಸ್ಕೃತದ 'ಅರ್ಬುದ'ದಿಂದ. ಖರಬ್ ಎಂದರೆ ಖರ್ವ, ಪದಮ್ ಎಂದರೆ ಪದ್ಮ, ಸಂಖ್ ಎಂದರೆ ಶಂಖ.

ಈ ನಾಲ್ಕೂ ಹೆಸರುಗಳು ಕ್ರಿ.ಶ. 850ರ ಸುಮಾರಿಗೆ ಜೈನ ವಿದ್ವಾಂಸ ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿವೆ. ಗ್ರಂಥ ಸಂಸ್ಕೃತದ್ದು, ಆರಂಭದಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಅದೇ ಆಸ್ಥಾನದ 'ಕವಿರಾಜಮಾರ್ಗ' ಕಾವೇರಿಯಿಂದ ಗೋದಾವರಿಯವರೆಗಿನದು ಕನ್ನಡನಾಡು ಎಂದಿತು. ತುಂಗಭದ್ರೆಯ ದಡದ ನಮ್ಮ ಹರಿಹರವೂ ಪಕ್ಕದ ದಾವಣಗೆರೆಯೂ ಅದರೊಳಗೇ ಬರುತ್ತವೆ.

ಮಹಾವೀರಾಚಾರ್ಯ 'ಏಕ'ದಿಂದ 'ಮಹಾಕ್ಷೋಭ'ದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಮಹಾಕ್ಷೋಭ ಎಂದರೆ ಒಂದರ ಮುಂದೆ 23 ಸೊನ್ನೆ. (ಅವನ ಅರ್ಬುದ ನಮ್ಮ ಅರಬ್‌ಗಿಂತ ಹತ್ತುಪಟ್ಟು ದೊಡ್ಡದು. ಹೆಸರು ಉಳಿದರೂ ಬೆಲೆ ಬದಲಾಗಿದೆ.) ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಬಹುದಾದ ಸಂಖ್ಯೆಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 27994681ನ್ನು 441ರಿಂದ ಗುಣಿಸಿದರೆ ಬರುವ 12345654321 ಅಂಥ ಒಂದು ಹಾರ: ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಇದು 111111ರ ವರ್ಗ. ಅವಿಭಾಜ್ಯ ಅಪವರ್ತನಗಳು 3, 7, 11, 13, 37; ಪ್ರತಿಯೊಂದೂ ಎರಡೆರಡು ಬಾರಿ. ಹಾಗಾಗಿ ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243.

ಅಮೋಘವರ್ಷ ಪಟ್ಟಕ್ಕೆ ಬಂದದ್ದು 814ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಬಗ್ದಾದಿನ ಮಾಮೂನ್ ಖಲೀಫನಾಗಿದ್ದ. ಅವನ ಆಶ್ರಯದಲ್ಲಿದ್ದ ಅಲ್ ಖ್ವಾರಿಜ್ಮಿ ಭಾರತೀಯ ಅಂಕಿಗಳ ಮೇಲೆ ಗ್ರಂಥ ಬರೆದ. ಅಂಕಿಗಳನ್ನು ಲೋಕಕ್ಕೆ ಕೊಟ್ಟವರು ಅರಬ್ಬರೇ ಎಂದು ನಮ್ಮ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಅರಬ್ ವಿದ್ವಾಂಸರು ಹಾಗೆ ಹೇಳಲಿಲ್ಲ, 'ಹಿಂದಿ ಅಂಕಿ' ಎಂದೇ ಕರೆದರು. ಮುಸ್ಲಿಮರಿಗೂ ಗಣಿತಕ್ಕೂ ಏನು ಸಂಬಂಧ ಎನ್ನುವವರು ಇನ್ನೊಂದು ಕಡೆ ಇದ್ದಾರೆ. 'ಆಲ್ಜಿಬ್ರಾ' ಎಂಬ ಹೆಸರೇ ಅಲ್ ಖ್ವಾರಿಜ್ಮಿಯ ಗ್ರಂಥದ 'ಅಲ್ ಜಬ್ರ್'ನಿಂದ ಬಂದದ್ದು ಅವರಿಗೆ ತಿಳಿದಿರಲಿಕ್ಕಿಲ್ಲ. ಎರಡೂ ಮಾತು ನಮ್ಮ ಮಕ್ಕಳಿಗೆ ಒಳ್ಳೆಯದು ಮಾಡುವುದಿಲ್ಲ.

ಅದೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಸಾಬಿತ್ ಇಬ್ನ್ ಖುರ್ರಾ (ನಿಧನ 901) ಗ್ರೀಕರ ನಿಕೋಮಾಕಸ್‌ನ ಅಂಕಗಣಿತವನ್ನು ಅರಬಿಗೆ ತಂದ. ಅದರಲ್ಲಿ ಸಂಖ್ಯೆಗಳ ವರ್ಗೀಕರಣವಿದೆ. ಒಂದು ಸಂಖ್ಯೆಯ ಅಪವರ್ತನಗಳನ್ನು, ಆ ಸಂಖ್ಯೆಯನ್ನು ಬಿಟ್ಟು, ಕೂಡಬೇಕು. ಮೊತ್ತ ಸಂಖ್ಯೆಗೆ ಸಮವಾದರೆ 'ತಾಮ್', ಕಡಿಮೆಯಾದರೆ 'ನಾಖಿಸ್', ಹೆಚ್ಚಾದರೆ 'ಜಾಯದ್'. ಉರ್ದು ಬಲ್ಲವರಿಗೆ ಈ ಪದಗಳ ಅರ್ಥ ಹೇಳಬೇಕಾಗಿಲ್ಲ. 6ರ ಅಪವರ್ತನಗಳಾದ 1, 2, 3 ಕೂಡಿದರೆ 6, ಆದ್ದರಿಂದ ತಾಮ್. 8 ನಾಖಿಸ್, 12 ಜಾಯದ್. ಬೆಸ ಸಂಖ್ಯೆಗಳಲ್ಲಿ ಜಾಯದ್ ವಿರಳ. ಅತಿ ಚಿಕ್ಕದು 945.

ಮಾನ್ಯಖೇಟದ ಹಾರವನ್ನು ಬಗ್ದಾದಿನ ಈ ತಕ್ಕಡಿಯಲ್ಲಿ ತೂಗೋಣ. 12345654321ರ ಅಪವರ್ತನಗಳ ಮೊತ್ತ, ಅದನ್ನು ಬಿಟ್ಟು, 13029870672. ಬೆಸ ಸಂಖ್ಯೆಯಾದರೂ ಇದು ಜಾಯದ್! ಹತ್ತನೇ ತರಗತಿಯವರು ಕಾಗದದ ಮೇಲೆಯೇ ಇದನ್ನು ಸಾಧಿಸಬಹುದು. ಇನ್ನೊಂದು ಲೆಕ್ಕವನ್ನು ಅವರಿಗೇ ಬಿಡುತ್ತೇನೆ. ಏಳು ಒಂದುಗಳ ವರ್ಗ 1234567654321. ನೋಡಲು ಅದೇ ಹಾರ, ಆದರೆ 1111111ಕ್ಕೆ 239 ಮತ್ತು 4649 ಎಂಬ ಎರಡೇ ಅವಿಭಾಜ್ಯ ಅಪವರ್ತನಗಳು. ಇದರ ಮೊತ್ತ ಸಂಖ್ಯೆಯ ನೂರರಲ್ಲಿ ಒಂದು ಪಾಲೂ ಆಗದು.